ಕಣ್ಣು ಮುಚ್ಚಿದರೆ ತೂಗಾಡುವ ಮಕ್ಕಳು

ಆಟಿಸಂ (ಸ್ವಲೀನತೆ ಎಂಬ, ಮಿದುಳಿನ ಬೆಳವಣಿಗೆಯ ಭಿನ್ನತೆ) ಇರುವ ಮಕ್ಕಳ ಶಾಲಾ ಡೈರಿಗಳಲ್ಲಿ ನಾನು ಪದೇ ಪದೇ ಓದುವ ದೂರು ಒಂದೇ: ‘ನೆಟ್ಟಗೆ ಕೂರುವುದಿಲ್ಲ, ಬೆಂಚಿನ ಮೇಲೆ ಒರಗುತ್ತಾನೆ, ಎಷ್ಟು ಹೇಳಿದರೂ ಕೇಳುವುದಿಲ್ಲ.’ ಇದನ್ನು ಶಿಸ್ತಿನ ಪ್ರಶ್ನೆಯೆಂದು ಭಾವಿಸಿ ಮಗುವಿನ ಬೆನ್ನು ತಟ್ಟಿ ತಟ್ಟಿ ಕೂರಿಸುವವರಿಗೆ ಉತ್ತರ ಹೇಳಿ ನನಗಂತೂ ಸಾಕಾಗಿದೆ.

ದೇಹ ಎತ್ತ ವಾಲುತ್ತಿದೆ ಎಂಬ ಸುದ್ದಿಯನ್ನು ಮಿದುಳಿಗೆ ಕಣ್ಣು, ಒಳಕಿವಿ ಮತ್ತು ಸ್ನಾಯು, ಕೀಲು, ಅಂಗಾಲುಗಳು ಮುಟ್ಟಿಸುತ್ತವೆ. ಆಟಿಸಂ ಇರುವ ಅನೇಕರಲ್ಲಿ ಇವುಗಳನ್ನು ಕೂಡಿಸಿಕೊಳ್ಳುವ ಕೆಲಸ ಸಲೀಸಾಗಿ ನಡೆಯುವುದಿಲ್ಲ. ಆಟಿಸಂ ಇದ್ದೂ ಬೌದ್ಧಿಕ ನ್ಯೂನತೆ ಇಲ್ಲದವರನ್ನೇ ಆಯ್ದು ನಡೆಸಿದ, 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ತೂಗಾಡದೆ ನಿಲ್ಲುವ ಸಾಮರ್ಥ್ಯ 12ರ ವಯಸ್ಸಿನವರೆಗೆ ಸುಧಾರಿಸಲು ತೊಡಗಿರಲಿಲ್ಲ, ಮುಂದೆಯೂ ವಯಸ್ಕರ ಮಟ್ಟವನ್ನು ಮುಟ್ಟಿರಲಿಲ್ಲ. ಪ್ರತಿ ಮಗುವಿನಲ್ಲೂ ಹೀಗೇ ಇರುತ್ತದೆಂದು ಹೇಳಲಾಗದು.

ನನ್ನಲ್ಲಿಗೆ ಚಿಕಿತ್ಸೆಗೆ ಬರುವ ಹುಡುಗನೊಬ್ಬ ಬೆಳಗಿನ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚದೆ, ಮುಂದಿನವನ ಅಂಗಿ ಹಿಡಿದು ನಿಲ್ಲುತ್ತಾನೆಂದು ದಿನವೂ ಬೈಸಿಕೊಳ್ಳುತ್ತಿದ್ದ. ನಮ್ಮ ಕೋಣೆಯಲ್ಲಿ ಪಾದ ಜೋಡಿಸಿ, ಕೈ ಮುಗಿದು, ಕಣ್ಣು ಮುಚ್ಚಲು ಹೇಳಿದೆ. ಮೊದಲು ಕಾಲ್ಬೆರಳುಗಳು ನೆಲವನ್ನು ಬಿಗಿಯಾಗಿ ಒತ್ತಿದವು, ಬಳಿಕ ಸೊಂಟ ತೂಗಿತು, ಕಣ್ಣು ತಾನಾಗಿ ತೆರೆಯಿತು. ಕಣ್ಣು ಮುಚ್ಚಿದರೆ ಕಣ್ಣಿನ ಸುದ್ದಿ ನಿಂತು, ಉಳಿದವುಗಳನ್ನೇ ನಂಬಿ ನಿಲ್ಲಬೇಕಲ್ಲ. ನೋಡುತ್ತಿದ್ದ ತಾಯಿ, ‘ತಲೆಗೆ ನೀರು ಹಾಕುವಾಗ ಕಣ್ಣು ಮುಚ್ಚಿ ನನ್ನನ್ನ ಗಟ್ಟಿಯಾಗಿ ಹಿಡ್ಕೊಂಡು ಕಿರುಚೋದೂ ಇದಕ್ಕೇನಾ ಮೇಡಂ?’ ಎಂದರು. ಇರಬಹುದು, ನೀರಿನ ಸ್ಪರ್ಶವೇ ಸಹಿಸದಿರಲೂಬಹುದು, ಎರಡನ್ನೂ ನೋಡಬೇಕು ಎಂದೆ.

ಒರಗುವುದು ಸೋಮಾರಿತನವಲ್ಲ ಎಂಬುದನ್ನು ಇನ್ನೊಮ್ಮೆ ಹೇಳುತ್ತೇನೆ. ‘ನೆಟ್ಟಗೆ’ ಎಂದು ಗದರಿದಾಗ ಮಗು ನೆಟ್ಟಗಾಗುತ್ತದೆ, ನಿಜ. ಆದರೆ ಅಷ್ಟು ಹೊತ್ತು ಗಮನವೆಲ್ಲ ಬೆನ್ನಿಗೇ ಹೋಗಿ ಬೋರ್ಡಿನ ಮೇಲಿನ ಲೆಕ್ಕ ಕೈತಪ್ಪುತ್ತದೆ. ಹೇಳಿದಾಗ ಕೂರಬಲ್ಲವನು ಹೇಳದಿದ್ದಾಗ ಏಕೆ ಕೂರುವುದಿಲ್ಲ ಎಂದು ವಾದಿಸುವವರು, ತಮ್ಮ ಬೆನ್ನು ತಮಗೆ ಅರಿವಿಲ್ಲದೆಯೇ ನೆಟ್ಟಗೆ ನಿಂತಿರುತ್ತದೆ ಎಂಬುದನ್ನು ಮರೆಯುತ್ತಾರೆ. ಮಗುವಿಗೆ ಅದು ಪ್ರತಿ ಗಳಿಗೆಯೂ ನೆನಪಿಟ್ಟು ಮಾಡಬೇಕಾದ ಕೆಲಸವಾಗಿರಬಹುದು. ಗೋಡೆಗೋ ಮೇಜಿಗೋ ಮೈ ತಾಗಿಸಿದರೆ ದೇಹ ಎಲ್ಲಿದೆಯೆಂಬ ಸುಳಿವು ಸಿಗುತ್ತದೆ, ಅಷ್ಟರಮಟ್ಟಿಗೆ ಕಿವಿ ಪಾಠಕ್ಕೆ ಬಿಡುವಾಗುತ್ತದೆ.

ಆದ್ದರಿಂದ ಮೊದಲು ಬೆಂಚಿನ ಕೆಳಗೆ ಬಗ್ಗಿ ನೋಡಿ. ಕಾಲು ನೇತಾಡುತ್ತಿದ್ದರೆ ಪಾದ ಪೂರ್ತಿ ಊರುವಂತೆ ಒಂದು ಮಣೆ ಇಡಿ. ಪ್ರಾರ್ಥನೆಯಲ್ಲಿ ಗೋಡೆಯ ಪಕ್ಕ ನಿಲ್ಲಿಸಿ, ಕಣ್ಣು ತೆರೆದಿರಲಿ. ಯಾವ ವ್ಯಾಯಾಮ ಬೇಕೆಂಬುದು ಮಗುವನ್ನು ಪರೀಕ್ಷಿಸಿದ ಮೇಲಿನ ಮಾತು. ಮೊಬೈಲಿನಲ್ಲಿ ನೋಡಿ ಗಿರಗಿರನೆ ತಿರುಗಿಸುವ ಪ್ರಯೋಗ ದಯವಿಟ್ಟು ಬೇಡ. ಚೆನ್ನಾಗಿದ್ದ ನಡಿಗೆ ಕೆಟ್ಟರೆ, ಇದ್ದಕ್ಕಿದ್ದಂತೆ ಬೀಳತೊಡಗಿದರೆ, ಹಿಮ್ಮಡಿ ಊರಲಾಗದಷ್ಟು ಮೀನಖಂಡ ಬಿಗಿದರೆ, ಅದನ್ನೂ ಆಟಿಸಂನ ಲೆಕ್ಕಕ್ಕೆ ಬರೆದು ಸುಮ್ಮನಾಗದೆ ಮಕ್ಕಳ ನರರೋಗ ತಜ್ಞರಿಗೋ ಮೂಳೆ ತಜ್ಞರಿಗೋ ಬೇಗ ತೋರಿಸಬೇಕು.