ಸದ್ದು ಮಾಡದ ಟ್ಯಾಪೆಟ್ಟೇ ಹೆಚ್ಚು ಅಪಾಯಕಾರಿ

ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ಟನ್ನು ಗ್ಯಾರೇಜಿಗೆ ತರುವವರಲ್ಲಿ ಹೆಚ್ಚಿನವರ ಮೊದಲ ಮಾತು ಒಂದೇ: “ಟ್ಯಾಪೆಟ್ ಸೌಂಡ್ ಬರ್ತಿದೆ, ಸ್ವಲ್ಪ ಟೈಟ್ ಮಾಡಿ ಕೊಡಿ.” ಟ್ಯಾಪೆಟ್ ಎಂದರೆ ಕ್ಯಾಮ್ ಎಂಬ ತಿರುಗುವ ಉಬ್ಬಿನಿಂದ ಮೇಲೆದ್ದು, ಪುಶ್‌ರಾಡ್ ಎಂಬ ಕಡ್ಡಿ ಮತ್ತು ರಾಕರ್ ಎಂಬ ಸನ್ನೆಯ ಮೂಲಕ ವಾಲ್ವನ್ನು ತೆರೆಯುವ ಚಿಕ್ಕ ಭಾಗ; ಇವುಗಳ ನಡುವೆ ಅಂತರವಿದ್ದರೆ ಟಿಕ್‌ಟಿಕ್ ಎನ್ನುತ್ತದೆ. ಸದ್ದು ಬಂದರೆ ಕೆಟ್ಟಿದೆ, ಸದ್ದು ನಿಂತರೆ ಸರಿಹೋಯಿತು ಎಂಬ ಈ ನಂಬಿಕೆಯಿಂದಾಗಿ ಎಷ್ಟೋ ಒಳ್ಳೆಯ ಎಂಜಿನ್‌ಗಳ ಎಕ್ಸಾಸ್ಟ್ ವಾಲ್ವ್ (ಹೊಗೆ ಹೊರಹೋಗುವ ಬಾಗಿಲು) ಸುಟ್ಟುಹೋಗಿದೆ.

ನಾನು ಕೆಲಸ ಕಲಿತದ್ದು ಮೈಸೂರಿನಲ್ಲಿ, ಅಲ್ಲಿಯೇ ತಯಾರಾಗುತ್ತಿದ್ದ ಯೆಜ್ಡಿ ಗಾಡಿಗಳ ಮೇಲೆ. ಅದು ಟೂ ಸ್ಟ್ರೋಕ್ ಎಂಜಿನ್. ಪೋರ್ಟುಗಳನ್ನು, ಅಂದರೆ ಗಾಳಿ-ಹೊಗೆಯ ಕಿಂಡಿಗಳನ್ನು, ಪಿಸ್ಟನ್ನೇ ತೆರೆದು ಮುಚ್ಚುವುದರಿಂದ ಅದರಲ್ಲಿ ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ಬುಲೆಟ್ ಕೈಗೆ ಬಂದ ಆರಂಭದ ದಿನಗಳಲ್ಲಿ ಗಿರಾಕಿಯೊಬ್ಬರು ಸದ್ದು ಪೂರ್ತಿ ಹೋಗಬೇಕೆಂದು ಕೇಳಿದಾಗ, ನಾನು ಕಿವಿಯನ್ನೇ ನಂಬಿ ಎರಡೂ ಟ್ಯಾಪೆಟ್ಟುಗಳನ್ನು ಏರಿಸಿ ಬಿಗಿ ಮಾಡಿ ಕೊಟ್ಟೆ. ಎರಡು ತಿಂಗಳಲ್ಲಿ ಗಾಡಿ ವಾಪಸು ಬಂತು. ಕಿಕ್ ತುಳಿದರೆ ಕಾಲಿಗೆ ಭಾರವೇ ಸಿಗುತ್ತಿರಲಿಲ್ಲ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿ ನೋಡಿದಾಗ ಎಕ್ಸಾಸ್ಟ್ ವಾಲ್ವಿನ ಅಂಚಿನಲ್ಲಿ ಜೋಳದ ಕಾಳಿನಷ್ಟು ಲೋಹ ಕರಗಿ ಹೋಗಿತ್ತು. ತಪ್ಪು ನನ್ನದಾಗಿದ್ದರಿಂದ ಹೊಸ ವಾಲ್ವನ್ನು ನನ್ನ ಖರ್ಚಿನಲ್ಲೇ ಹಾಕಿಕೊಟ್ಟೆ.

ಕಾರಣ ಸರಳವಾಗಿದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಎಕ್ಸಾಸ್ಟ್ ವಾಲ್ವ್ ಬೆಂಕಿಯಂಥ ಹೊಗೆಯ ನಡುವೆಯೇ ಕೆಲಸ ಮಾಡುತ್ತದೆ, ಮತ್ತು ಆ ಬಿಸಿಯ ಹೆಚ್ಚಿನ ಭಾಗವನ್ನು ಅದು ಬಿಟ್ಟುಕೊಡುವುದು ಮುಚ್ಚಿಕೊಂಡು ತನ್ನ ಸೀಟಿನ (ಹೆಡ್ಡಿನಲ್ಲಿ ವಾಲ್ವ್ ಕೂರುವ ಬಳೆಯ) ಮೇಲೆ ಕುಳಿತಿರುವ ಆ ಕ್ಷಣಗಳಲ್ಲೇ. ಟ್ಯಾಪೆಟ್ ಬಿಗಿಯಾದರೆ ವಾಲ್ವ್ ಪೂರ್ತಿ ಕುಳಿತುಕೊಳ್ಳುವುದಿಲ್ಲ. ಬಿಸಿ ಇಳಿಯುವ ದಾರಿ ತಪ್ಪುತ್ತದೆ, ಸಂದಿನಿಂದ ನುಗ್ಗುವ ಉರಿ ಅಂಚನ್ನು ತಿನ್ನುತ್ತದೆ. ಇಷ್ಟೆಲ್ಲ ನಡೆಯುವಾಗ ಸವಾರನಿಗೆ ಕೇಳಿಸುವುದು ಇಂಪಾದ, ನಿಶ್ಶಬ್ದವಾದ ಎಂಜಿನ್.

ಕೆಲಸಕ್ಕೆ ಕೈಹಾಕುವ ಮುನ್ನ ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು. ಮೇನ್ ಸ್ಟ್ಯಾಂಡ್ ಹಾಕಿ, ಪ್ಲಗ್ ಬಿಚ್ಚಿ, ಬೋರಿನ (ಸಿಲಿಂಡರಿನ) ಬುಡದಲ್ಲಿ ಬಲಗಡೆ ಒಂದೇ ನಟ್ಟಿನ ಮೇಲೆ ಕೂತಿರುವ ಟ್ಯಾಪೆಟ್ ಕವರನ್ನು ತೆಗೆಯಬೇಕು. ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ಮುಂದಕ್ಕೆ ತಿರುಗಿಸುತ್ತಾ, ಇನ್‌ಲೆಟ್ (ಪೆಟ್ರೋಲ್-ಗಾಳಿ ಒಳಬರುವ ವಾಲ್ವಿನ) ಪುಶ್‌ರಾಡ್ ಮೇಲೆದ್ದು ಪೂರ್ತಿ ಕೆಳಗಿಳಿದ ಮೇಲೆ ಪಿಸ್ಟನ್ ತುದಿಗೆ ಬರುವ ಜಾಗದಲ್ಲಿ ನಿಲ್ಲಿಸಬೇಕು. ಒಳಗಿನ ಗಾಳಿಯನ್ನು ಒತ್ತುವ ಕಂಪ್ರೆಷನ್ನಿನ ತುದಿ ಇದು; ಎರಡೂ ವಾಲ್ವ್ ಮುಚ್ಚಿರುತ್ತವೆ. ಪ್ರತಿ ನಾಲ್ಕು ಸ್ಟ್ರೋಕಿನಲ್ಲಿ ಪಿಸ್ಟನ್ ತುದಿಗೆ ಬರುವುದು ಎರಡು ಸಲ ಎಂಬುದನ್ನು ಮರೆತು, ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಎರಡೂ ವಾಲ್ವ್ ಅರೆತೆರೆದಿರುವಾಗ ಸೆಟ್ ಮಾಡಿದವರ ಗಾಡಿ ಆಮೇಲೆ ತಗಡು ಬಡಿದಂತೆ ಸದ್ದು ಮಾಡುತ್ತದೆ.

ಕವರಿನೊಳಗೆ ಪ್ರತಿ ಪುಶ್‌ರಾಡಿನ ಬುಡದಲ್ಲಿ ಮೂರು ಷಟ್ಕೋನಗಳು ಕಾಣುತ್ತವೆ. ಕೆಳಗಿನದನ್ನು ತೆಳು ಸ್ಪ್ಯಾನರಿನಿಂದ ಹಿಡಿದು, ನಡುವಿನ ಲಾಕ್‌ನಟ್ಟನ್ನು ಸಡಿಲಿಸಿ, ಮೇಲಿನದನ್ನು ತಿರುಗಿಸಬೇಕು. ಅದು ಮೇಲೇರಿದಷ್ಟೂ ಅಂತರ ಕಡಿಮೆಯಾಗುತ್ತದೆ. ಇಲ್ಲಿ ಅಂತರ ಅಳೆಯುವ ಫೀಲರ್ ಗೇಜಿಗಿಂತ ಬೆರಳೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪುಶ್‌ರಾಡನ್ನು ಎರಡು ಬೆರಳುಗಳ ನಡುವೆ ಹಿಡಿದರೆ ಅದು ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ತಿರುಗುವಾಗ ಎಲ್ಲಾದರೂ ಹಿಡಿದಂತೆ ಅನಿಸಿದರೆ ಅದು ಬಿಗಿ. ಎಕ್ಸಾಸ್ಟನ್ನು ನಾನು ಸದಾ ಕೂದಲೆಳೆಯಷ್ಟು ಸಡಿಲವಾಗಿಯೇ ಬಿಡುತ್ತೇನೆ. ಲಾಕ್‌ನಟ್ ಬಿಗಿಯುವಾಗ ಸೆಟಿಂಗ್ ಜರುಗುವುದು ಸಾಮಾನ್ಯವಾದ್ದರಿಂದ, ಬಿಗಿದ ಮೇಲೆ ಮತ್ತೊಮ್ಮೆ ರಾಡನ್ನು ತಿರುಗಿಸಿ ನೋಡದೆ ಕವರ್ ಮುಚ್ಚಬಾರದು.

ತಣ್ಣಗಿರುವಾಗ ಅಂತರವೇ ಇಲ್ಲದಿದ್ದರೆ ಬಿಸಿಯಾದಾಗ ಬಿಗಿಯಾಗದೆ ಇರುತ್ತದೆಯೇ ಎಂದು ಹುಡುಗರು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ಈ ಎಂಜಿನ್ನಿನ ಪುಶ್‌ರಾಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಬೋರು ಎರಕದ ಕಬ್ಬಿಣದ್ದು. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಆದರೆ ಬೆಂಕಿಗೆ ಹತ್ತಿರವಿರುವ ಬೋರು ಮತ್ತು ಹೆಡ್ ಪುಶ್‌ರಾಡಿಗಿಂತ ಹೆಚ್ಚು ಬಿಸಿಯಾಗುತ್ತವೆ. ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. ಅದಕ್ಕೇ ಈ ಲೆಕ್ಕವನ್ನು ಬೇರೆ ಎಂಜಿನ್‌ಗಳಿಗೆ ಹಚ್ಚಬಾರದು. ಇದರ ನಂತರ ಬಂದ, ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಕವಚದಲ್ಲಿರುವ ಯೂನಿಟ್ ಕನ್‌ಸ್ಟ್ರಕ್ಷನ್ (ಯುಸಿಇ) ಬುಲೆಟ್‌ಗಳಲ್ಲಂತೂ ಟ್ಯಾಪೆಟ್ ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದಿಂದ ಅಂತರವನ್ನು ತಾನೇ ಸರಿಪಡಿಸಿಕೊಳ್ಳುವಂಥದ್ದು ಆಗಿರುವುದರಿಂದ ಕೈಯಿಂದ ಸೆಟ್ ಮಾಡುವ ಪ್ರಶ್ನೆಯೇ ಇಲ್ಲ.

ಸವೆತದಿಂದ ಅಂತರ ಹೆಚ್ಚುತ್ತಲೇ ಹೋಗುತ್ತದೆ ಎಂಬ ತಿಳಿವಳಿಕೆಯೂ ಅರ್ಧ ಮಾತ್ರ ನಿಜ. ರಾಕರ್, ಕ್ಯಾಮ್ ಸವೆದರೆ ಅಂತರ ಹೆಚ್ಚುತ್ತದೆ. ವಾಲ್ವ್ ಸೀಟು ಸವೆದರೆ ವಾಲ್ವ್ ಹೆಡ್ಡಿನೊಳಕ್ಕೆ ಇಳಿದು, ಅದರ ಕಾಂಡ ರಾಕರಿನತ್ತ ಏರಿ, ಅಂತರ ತಾನಾಗಿಯೇ ಕಡಿಮೆಯಾಗುತ್ತದೆ. ಸಣ್ಣಗೆ ಟಿಕ್‌ಟಿಕ್ ಎನ್ನುತ್ತಿದ್ದ ಗಾಡಿ ಯಾರೂ ಮುಟ್ಟದೆಯೇ ಮೌನವಾದರೆ ನಾನು ಅದೇ ದಿನ ಕವರ್ ಬಿಚ್ಚಿಸುತ್ತೇನೆ.

ಕವರ್ ಹಾಕುವಾಗ ಗ್ಯಾಸ್ಕೆಟ್ ಸರಿಯಾಗಿ ಕೂತಿದೆಯೇ ನೋಡಿ ನಟ್ಟನ್ನು ಹದವಾಗಿ ಬಿಗಿದರೆ ಸಾಕು. ಆಯಿಲ್ ಜಿನುಗುತ್ತದೆಂದು ಇನ್ನಷ್ಟು ತಿರುಗಿಸಿದರೆ ಕವರ್ ಬಾಗಿ ಜಿನುಗುವುದು ಹೆಚ್ಚುತ್ತದೆ. ಹೊಸ ವಾಲ್ವ್ ಹಾಕಿದ ಗಾಡಿಯಾದರೆ ಒಂದು ದಿನ ಓಡಿಸಿ, ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನವೇ ಕವರ್ ತೆಗೆದು ಎರಡೂ ರಾಡುಗಳನ್ನು ಬೆರಳಿನಿಂದ ತಿರುಗಿಸಿ ನೋಡಿಕೊಳ್ಳಬೇಕು.