ಸಕ್ಕರೆಗೂ ಮೊದಲು ನೀರನ್ನು ಬಸಿಯಿರಿ: ಹಣ್ಣು, ಮೊಸರು, ಚಾಕೊಲೇಟಿನ ತಣ್ಣನೆಯ ತಿನಿಸಿನ ವಿಜ್ಞಾನ

ಮೊಸರಿಗೆ ಹಣ್ಣಿನ ಹೋಳುಗಳನ್ನು ಬೆರೆಸಿ, ಫ್ರೀಜರಿನಲ್ಲಿ ಗಟ್ಟಿ ಮಾಡಿ, ಮೇಲೆ ತೆಳುವಾಗಿ ಕಪ್ಪು ಚಾಕೊಲೇಟ್ ಹೊದಿಸಿದ ತಿನಿಸು ಈಗ ಅನೇಕ ಮನೆಗಳ ಬೇಸಿಗೆಯ ಅಡುಗೆಗೆ ಸೇರಿದೆ. ಐಸ್‌ಕ್ರೀಮಿಗಿಂತ ಇದು ಒಳ್ಳೆಯದೆಂಬ ನಂಬಿಕೆಗೆ ಆಧಾರವೂ ಇದೆ. ಆದರೆ ಮಾಡಿದವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಒಂದೇ: ಸಕ್ಕರೆ ಬಿಟ್ಟು ಮಾಡಿದ ತುಂಡು ಮಾರನೆಯ ದಿನ ಹಲ್ಲೂರದಷ್ಟು ಕಲ್ಲಾಗಿರುತ್ತದೆ. ಮುಂದಿನ ಸಲ ಅವರು ಧಾರಾಳವಾಗಿ ಜೇನುತುಪ್ಪ ಸುರಿಯುತ್ತಾರೆ. ತುಂಡು ಮೆತ್ತಗಾಗುತ್ತದೆ, ಆದರೆ ಯಾವ ಉದ್ದೇಶಕ್ಕೆ ಇಷ್ಟೆಲ್ಲ ಶ್ರಮಪಟ್ಟರೋ ಆ ಉದ್ದೇಶವೇ ಕೈತಪ್ಪುತ್ತದೆ. ಸಕ್ಕರೆಯನ್ನು ಬರೀ ಸಿಹಿಯ ವಸ್ತುವೆಂದು ಎಣಿಸಿರುವುದೇ ಈ ತೊಡಕಿನ ಮೂಲ. ಫ್ರೀಜರಿನೊಳಗೆ ಸಕ್ಕರೆಗೆ ಇನ್ನೊಂದು ಕೆಲಸವಿದೆ: ಅಲ್ಲಿರುವ ನೀರೆಲ್ಲ ಮಂಜುಗಡ್ಡೆಯಾಗದಂತೆ ಅದು ತಡೆಯುತ್ತದೆ. ಆದ್ದರಿಂದ ಸಕ್ಕರೆಯನ್ನು ಕಡಿಮೆ ಮಾಡಬೇಕೆನ್ನುವವರು ಅದಕ್ಕೂ ಮೊದಲು ನೀರನ್ನು ಕಡಿಮೆ ಮಾಡಬೇಕು.

ನೀರು ಗಡ್ಡೆಕಟ್ಟುವಾಗ ಅದರ ಅಣುಗಳು ಷಟ್ಕೋನದ ಒಂದು ಕಟ್ಟುನಿಟ್ಟಾದ ಜೋಡಣೆಯಲ್ಲಿ ನಿಲ್ಲುತ್ತವೆ, ಮತ್ತು ಆ ಜೋಡಣೆಯಲ್ಲಿ ಸಕ್ಕರೆಯ ಅಣುವಿಗೆ ಜಾಗವಿಲ್ಲ. ಹರಳು ಬೆಳೆದಂತೆಲ್ಲ ಸಕ್ಕರೆ ಹೊರಗೆ ತಳ್ಳಿಸಿಕೊಂಡು, ಇನ್ನೂ ಗಡ್ಡೆಕಟ್ಟದೆ ಉಳಿದಿರುವ ನೀರಿಗೆ ಬಂದು ಸೇರುತ್ತದೆ. ಇದಕ್ಕೆ ಸಾಕ್ಷಿ ಬೇಕಾದವರು ಮಕ್ಕಳು ಐಸ್ ಕ್ಯಾಂಡಿ ಚೀಪುವುದನ್ನು ಗಮನಿಸಬಹುದು. ಬಣ್ಣ ಮತ್ತು ಸಿಹಿ ಮೊದಲು ಬಾಯಿಗೆ ಬಂದುಬಿಡುತ್ತವೆ. ಕೊನೆಗೆ ಕಡ್ಡಿಗೆ ಅಂಟಿಕೊಂಡು ಉಳಿಯುವುದು ಬಿಳಿಯ, ಸಪ್ಪೆಯಾದ, ಒರಟು ಮಂಜುಗಡ್ಡೆ. ಹರಳುಗಳ ಸಂದಿಯಲ್ಲಿ ದ್ರವವಾಗಿಯೇ ನಿಂತಿದ್ದ ಪಾಕವನ್ನು ಮಗು ಹೀರಿಕೊಂಡಿರುತ್ತದೆ, ಅಷ್ಟೆ.

ಕರಗಿದ ವಸ್ತುವಿನ ಪ್ರಮಾಣ ಹೆಚ್ಚಿದಂತೆ ನೀರು ಗಡ್ಡೆಕಟ್ಟುವ ಉಷ್ಣತೆ ಅದೇ ಲೆಕ್ಕದಲ್ಲಿ ಕೆಳಗಿಳಿಯುತ್ತದೆ ಎಂಬುದನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಲಾಗ್ಡನ್ 1788ರಲ್ಲಿ ತೋರಿಸಿದರು. ಸುಮಾರು ನೂರು ವರ್ಷಗಳ ತರುವಾಯ, 1880ರ ದಶಕದಲ್ಲಿ, ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಫ್ರಾಂಸ್ವಾ ಮಾರಿ ರೌಲ್ ಇದಕ್ಕೊಂದು ಮಹತ್ವದ ತಿದ್ದುಪಡಿ ಸೇರಿಸಿದರು: ಇಲ್ಲಿ ಮುಖ್ಯವಾಗುವುದು ಕರಗಿದ ವಸ್ತುವಿನ ತೂಕವಲ್ಲ, ಅದರ ಅಣುಗಳ ಸಂಖ್ಯೆ. ಒಂದು ಕಿಲೋ ನೀರಿನಲ್ಲಿ 342 ಗ್ರಾಂ ಸಕ್ಕರೆ ಕರಗಿದರೆ ಘನೀಕರಣ ಬಿಂದು ಸುಮಾರು 1.86 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹಣ್ಣಿನಲ್ಲಿರುವ ಗ್ಲೂಕೋಸ್ ಅಥವಾ ಫ್ರಕ್ಟೋಸ್ ಆದರೆ 180 ಗ್ರಾಂನಲ್ಲೇ ಅಷ್ಟೇ ಇಳಿಯುತ್ತದೆ, ಏಕೆಂದರೆ ಅವುಗಳ ಅಣು ಚಿಕ್ಕದು, ಅದೇ ತೂಕಕ್ಕೆ ಸಂಖ್ಯೆ ಹೆಚ್ಚು.

ಈ ನಿಯಮದ ಸೊಗಸು ಕಾಣಬೇಕಾದರೆ ಲೆಕ್ಕವನ್ನು ಒಂದೆರಡು ಹೆಜ್ಜೆ ಮುಂದಕ್ಕೆ ನಡೆಸಬೇಕು. ಒಂದು ಕಿಲೋ ನೀರಿಗೆ 100 ಗ್ರಾಂ ಸಕ್ಕರೆ ಹಾಕಿದ್ದೇವೆ ಎಂದಿಟ್ಟುಕೊಳ್ಳೋಣ. ಮೊದಲ ಹರಳು ಮೂಡುವುದು ಶೂನ್ಯಕ್ಕಿಂತ ಸುಮಾರು ಅರ್ಧ ಡಿಗ್ರಿ ಕೆಳಗೆ. ಅರ್ಧ ನೀರು ಗಡ್ಡೆಯಾಗುವ ಹೊತ್ತಿಗೆ ಅಷ್ಟೂ ಸಕ್ಕರೆ ಉಳಿದ ಅರ್ಧದಲ್ಲಿ ಸೇರಿ ಪಾಕದ ಸಾಂದ್ರತೆ ಎರಡು ಪಟ್ಟಾಗಿರುತ್ತದೆ, ಹಾಗಾಗಿ ಮುಂದಿನ ಹರಳು ಮೂಡಲು ಶೂನ್ಯಕ್ಕಿಂತ 1.1 ಡಿಗ್ರಿ ಕೆಳಗಿಳಿಯಬೇಕು. ಕಾಲುಭಾಗ ಉಳಿದಾಗ 2.2 ಡಿಗ್ರಿ; ಎಂಟನೆಯ ಒಂದು ಭಾಗ ಉಳಿದಾಗ 4 ಡಿಗ್ರಿಗೂ ಮಿಗಿಲು. ಅಲ್ಲಿಂದ ಮುಂದೆ ಪಾಕ ಎಷ್ಟು ಮಂದವಾಗುತ್ತದೆಂದರೆ ಈ ಸರಳ ಲೆಕ್ಕವೂ ಸಾಲದು. ನೀರಿನ ಅಣುಗಳಿಗೆ ಹರಳಿನ ಬಳಿಗೆ ಸರಿದು ಹೋಗುವುದೇ ಕಷ್ಟವಾಗುತ್ತದೆ. ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿಯೂ ಹರಳುಗಳ ನಡುವೆ ಒಂದಿಷ್ಟು ಮಂದ ಪಾಕ ಉಳಿಯುವುದು ಹೀಗೆ. ಕಲ್ಲು ಗೋಡೆಯ ಸಂದಿಗಳಲ್ಲಿ ಹಸಿ ಮಣ್ಣು ಇರುವವರೆಗೆ ಕಲ್ಲುಗಳು ಅತ್ತಿತ್ತ ಸರಿಯಬಲ್ಲವು. ಹಾಗೆಯೇ ಈ ಪಾಕ ಇರುವವರೆಗೆ ಹಲ್ಲಿನ ಒತ್ತಡಕ್ಕೆ ಹರಳುಗಳು ಜಾರಿಕೊಡುತ್ತವೆ. ಪಾಕ ಇಲ್ಲವಾದರೆ ಹರಳು ಹರಳಿಗೆ ಬೆಸೆದುಕೊಂಡು ಇಡೀ ತುಂಡು ಒಂದೇ ಬಂಡೆಯಾಗುತ್ತದೆ.

ನಾವು ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇರುತ್ತದೆ. ಅದನ್ನು ಹಾಗೆಯೇ ಅಚ್ಚಿಗೆ ಸುರಿದರೆ ನಾವು ತಯಾರಿಸುವುದು ಮೊಸರಿನ ರುಚಿಯ ಮಂಜುಗಡ್ಡೆಯನ್ನು. ಇದಕ್ಕೆ ಪರಿಹಾರವನ್ನು ಬೆಳಗಾವಿ, ಧಾರವಾಡದ ಕಡೆಯವರು ಶ್ರೀಖಂಡಕ್ಕಾಗಿ ಬಹಳ ಹಿಂದಿನಿಂದ ಮಾಡುತ್ತ ಬಂದಿದ್ದಾರೆ: ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ನೀರು ಬಸಿದು, ಚಕ್ಕಾ ತೆಗೆಯುವುದು. ಒಂದು ಕಿಲೋ ಮೊಸರನ್ನು ರಾತ್ರಿಯಿಡೀ ಬಸಿದರೆ ಸುಮಾರು ಅರ್ಧ ಕಿಲೋ ಚಕ್ಕಾ ಉಳಿಯುತ್ತದೆ. ಹೊರಗೆ ತೂಗುಹಾಕಿದರೆ ಬೆಳಗಾಗುವಷ್ಟರಲ್ಲಿ ಹುಳಿ ಏರುವುದರಿಂದ, ಜರಡಿಯ ಮೇಲೆ ಬಟ್ಟೆ ಹಾಸಿ, ಕೆಳಗೊಂದು ಪಾತ್ರೆಯಿಟ್ಟು, ಎಲ್ಲವನ್ನೂ ಫ್ರಿಜ್ಜಿನೊಳಗಿಡುವುದು ಮೇಲು. ಮೊದಲು ಹನಿಹನಿಯಾಗಿ ತೊಟ್ಟಿಕ್ಕುವ ತಿಳಿಹಸಿರು ಛಾಯೆಯ ನೀರು ಬರಬರುತ್ತ ನಿಧಾನವಾಗುತ್ತದೆ. ಬಟ್ಟೆ ಬಿಚ್ಚಿದಾಗ ಮೊಸರು ನೇಯ್ಗೆಯ ಗುರುತನ್ನು ಮೈಮೇಲೆ ಹೊತ್ತು ಒಂದೇ ಮುದ್ದೆಯಾಗಿ ಎದ್ದು ಬಂದರೆ ಅದು ಹದಕ್ಕೆ ಬಂದಿದೆ ಎಂದರ್ಥ. ಬಸಿದ ನೀರು ಚಪಾತಿಯ ಹಿಟ್ಟು ಕಲಸಲು, ಸಾರಿಗೆ ಸೇರಿಸಲು ಒದಗುತ್ತದೆ.

ಚಕ್ಕಾದಲ್ಲಿ ಪ್ರೋಟೀನ್ ಮತ್ತು ಕೊಬ್ಬಿನ ಪಾಲು ಹೆಚ್ಚುಕಡಿಮೆ ಎರಡು ಪಟ್ಟಾಗಿರುತ್ತದೆ. ಕೇಸೀನ್ ಎಂಬ ಪ್ರೋಟೀನಿನ ಬಲೆ ಉಳಿದ ನೀರನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಹಿಡಿದಿಡುವುದರಿಂದ ಹರಳುಗಳು ಬೆಳೆಯಲು ಅವಕಾಶ ಕಡಿಮೆ. ಕೊಬ್ಬಿನ ಕಣಗಳು ಅವುಗಳ ನಡುವೆ ಅಡ್ಡ ಕುಳಿತು ಬೆಸುಗೆಯನ್ನು ತಪ್ಪಿಸುತ್ತವೆ. ಆರೋಗ್ಯದ ಹೆಸರಿನಲ್ಲಿ ಕೆನೆ ತೆಗೆದ ಮೊಸರನ್ನೇ ಆರಿಸಿಕೊಂಡು, ಅದು ಕಲ್ಲಾಯಿತೆಂದು ಸಿಹಿ ಸುರಿಯುವ ಪರಿಪಾಠವನ್ನು ನಾನು ಒಪ್ಪುವುದಿಲ್ಲ. ಗಟ್ಟಿ ಹಾಲಿನ ಮೊಸರೇ ಈ ತಿನಿಸಿಗೆ ಯೋಗ್ಯ.

ಜೇನುತುಪ್ಪ ಮತ್ತು ಬೆಲ್ಲ ಸಕ್ಕರೆಯ ಲೆಕ್ಕಕ್ಕೆ ಬರುವುದಿಲ್ಲವೆಂದು ನಮ್ಮಲ್ಲಿ ಬೇರೂರಿರುವ ಭ್ರಮೆಯನ್ನು ಇಲ್ಲಿ ಹೇಳಲೇಬೇಕು. ಜೇನಿನಲ್ಲಿ ಇರುವುದು ಮುಖ್ಯವಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಮೇಲಿನ ಲೆಕ್ಕದಂತೆ ಅದು ತಿನಿಸನ್ನು ಸಕ್ಕರೆಗಿಂತ ಚೆನ್ನಾಗಿ ಮೆತ್ತಗಾಗಿಸುತ್ತದೆ ಎಂಬುದು ನಿಜ. ಆದರೆ ದೇಹದ ಮಟ್ಟಿಗೆ ಅದೂ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಮಾರ್ಗಸೂಚಿ, ದಿನದ ಒಟ್ಟು ಶಕ್ತಿಯಲ್ಲಿ ಶೇಕಡಾ 10ಕ್ಕಿಂತ ಕಡಿಮೆ, ಸಾಧ್ಯವಾದರೆ ಶೇಕಡಾ 5ಕ್ಕಿಂತ ಕಡಿಮೆ ಪಾಲು ಮಾತ್ರ ಹೊರಗಿನಿಂದ ಸೇರಿಸಿದ ಇಂತಹ ಸಕ್ಕರೆಗಳಿಂದ ಬರಬೇಕೆಂದು ಹೇಳುವಾಗ ಜೇನುತುಪ್ಪವನ್ನೂ ಹಣ್ಣಿನ ರಸವನ್ನೂ ಅದೇ ಪಟ್ಟಿಯಲ್ಲಿಟ್ಟಿದೆ. ಇಡಿಯಾದ ಹಣ್ಣಿನಲ್ಲಿರುವ ಮತ್ತು ಹಾಲಿನಲ್ಲಿ ಸಹಜವಾಗಿರುವ ಸಕ್ಕರೆಯನ್ನು ಹೊರಗಿಟ್ಟಿದೆ. ಹಾಗಾಗಿ ಸಿಹಿಯೂ ಮೆದುತನವೂ ಸಾಧ್ಯವಾದಷ್ಟು ಹಣ್ಣಿನ ಹೋಳುಗಳಿಂದಲೇ ಬರಬೇಕು.

ಎಲ್ಲ ಹಣ್ಣುಗಳೂ ಈ ಕೆಲಸಕ್ಕೆ ಒಂದೇ ಸಮನಾಗಿ ಒದಗುವುದಿಲ್ಲ. ನೋಡಲು ಚೆಂದವೆಂದು ಎಲ್ಲರೂ ಆರಿಸುವ ಸ್ಟ್ರಾಬೆರಿಯಲ್ಲಿ ಶೇಕಡಾ 91ರಷ್ಟು ನೀರು, ಸಕ್ಕರೆ ಶೇಕಡಾ 5ರ ಆಸುಪಾಸು. ದೊಡ್ಡ ಹೋಳುಗಳಾಗಿ ಹಾಕಿದರೆ ಅದು ಮೊಸರಿನ ನಡುವೆ ಮಂಜಿನ ಗೋಲಿಯಾಗುತ್ತದೆ. ಮಾಗಿದ ಮಾವಿನಲ್ಲಿ ಸಕ್ಕರೆ ಶೇಕಡಾ 14ರಷ್ಟಿರುವುದರಿಂದ ಹಲ್ಲಿಗೆ ಸುಲಭವಾಗಿ ಸಿಗುತ್ತದೆ. ಬಾಳೆಹಣ್ಣು ಎಲ್ಲಕ್ಕಿಂತ ಮೇಲು: ನೀರು ಶೇಕಡಾ 75ರಷ್ಟೇ, ಜೊತೆಗೆ ಪೆಕ್ಟಿನ್ ಮತ್ತು ಪಿಷ್ಟ ನೀರನ್ನು ಬಿಗಿದಿಡುತ್ತವೆ. ಮಾಗುತ್ತ ಹೋದಂತೆ ಪಿಷ್ಟ ಒಡೆದು ಸಕ್ಕರೆಯಾಗುವುದರಿಂದ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದ ಪಚ್ಚಬಾಳೆಯೋ ಏಲಕ್ಕಿ ಬಾಳೆಯೋ ಈ ಕೆಲಸಕ್ಕೆ ಹೇಳಿಮಾಡಿಸಿದಂತಿರುತ್ತದೆ.

ಮೊಸರಿಗೆ ಹಣ್ಣು ಸೇರಿದರೆ ಒಡೆದು ವಿಷವಾಗುತ್ತದೆಂಬ ಹೆದರಿಕೆ ಹಲವರಿಗಿದೆ. ಹಾಲಿಗೆ ಹುಳಿ ಬಿದ್ದಾಗ ಒಡೆಯುವುದು ಕೇಸೀನ್ ಮುದ್ದೆಗಟ್ಟುವುದರಿಂದ. ಮೊಸರಿನಲ್ಲಿ ಆ ಕೆಲಸವನ್ನು ಬ್ಯಾಕ್ಟೀರಿಯಾಗಳು ಮೊದಲೇ ಮುಗಿಸಿರುತ್ತವೆ, ಕಿತ್ತಳೆಯ ಹುಳಿಗೆ ಹೊಸದಾಗಿ ಒಡೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ನಿಜವಾಗಿ ಎಚ್ಚರ ವಹಿಸಬೇಕಾದದ್ದು ಹಸಿ ಅನಾನಸ್, ಪಪ್ಪಾಯಿ ಮತ್ತು ಕಿವಿ ಹಣ್ಣುಗಳ ಬಗ್ಗೆ. ಇವುಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಮೊಸರಿನ ಪ್ರೋಟೀನ್ ತುಂಡಾದಂತೆ ಕಹಿ ರುಚಿ ಹುಟ್ಟುತ್ತದೆ. ಅದು ವಿಷವಲ್ಲ, ಆದರೆ ತಿನಿಸು ಕೆಡುತ್ತದೆ. ಫ್ರೀಜರಿನ ಚಳಿ ಈ ಕಿಣ್ವಗಳನ್ನು ನಿಧಾನಗೊಳಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಅನಾನಸ್ ಹೋಳುಗಳನ್ನು ಕೆಲವು ನಿಮಿಷ ಕುದಿಸಿ ಆರಿಸಿದರೆ ಸಾಕು.

ಫ್ರೀಜರಿನಲ್ಲಿ ಗಡ್ಡೆಕಟ್ಟಿಸಿದರೆ ಮೊಸರಿನ ಒಳ್ಳೆಯ ಬ್ಯಾಕ್ಟೀರಿಯಾಗಳೆಲ್ಲ ಸಾಯುತ್ತವೆ ಎಂಬುದು ಇನ್ನೊಂದು ಮಾತು. ಒಂದು ಪಾಲು ಸಾಯುತ್ತವೆ. ಉಳಿದವು ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತವೆ. ಡೈರಿಗಳಿಗೆ ಬರುವ ಹೆಪ್ಪಿನ ಬ್ಯಾಕ್ಟೀರಿಯಾಗಳೇ ಅನೇಕ ವೇಳೆ ಚಳಿಯಲ್ಲಿ ಗಡ್ಡೆಕಟ್ಟಿಸಿದ ರೂಪದಲ್ಲಿ ಬರುತ್ತವೆ. ಸಂದೇಹವಿರುವವರು ಚಕ್ಕಾದ ತುಂಡೊಂದನ್ನು ಫ್ರೀಜರಿನಿಂದ ತೆಗೆದು ಕರಗಿಸಿ, ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ ನೋಡಲಿ.

ಮನೆಯ ಫ್ರೀಜರಿನ ದೊಡ್ಡ ಕೊರತೆಯೆಂದರೆ ಅದು ನಿಧಾನ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸೈ 1912ರ ನಂತರದ ವರ್ಷಗಳಲ್ಲಿ ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದಾಗ, ಅಲ್ಲಿನ ಇನ್ಯೂಟ್ ಜನರು ಹಿಡಿದ ಮೀನು ಹೊರಗಿನ ಕಡು ಚಳಿಗೆ ಕ್ಷಣಮಾತ್ರದಲ್ಲಿ ಗಡ್ಡೆಕಟ್ಟಿ, ತಿಂಗಳುಗಳ ನಂತರ ಕರಗಿಸಿದರೂ ತಾಜಾ ಆಗಿಯೇ ಇರುವುದನ್ನು ಗಮನಿಸಿದರು. ಬೇಗ ತಣಿದಾಗ ಹರಳುಗಳು ಅಸಂಖ್ಯವಾಗಿ ಹುಟ್ಟುತ್ತವೆ, ಆದ್ದರಿಂದ ಪ್ರತಿಯೊಂದೂ ಚಿಕ್ಕದಾಗಿಯೇ ಉಳಿಯುತ್ತದೆ. ನಿಧಾನವಾಗಿ ತಣಿದಾಗ ಕೆಲವೇ ಹರಳುಗಳು ದೊಡ್ಡದಾಗಿ ಬೆಳೆದು ಹಣ್ಣಿನ ಜೀವಕೋಶಗಳನ್ನು ಸೀಳುತ್ತವೆ. ಆದ್ದರಿಂದ ಮಿಶ್ರಣವನ್ನು ಆಳವಾದ ಪ್ಲಾಸ್ಟಿಕ್ ಡಬ್ಬಿಗೆ ತುಂಬುವ ಬದಲು, ಮೊದಲೇ ಫ್ರೀಜರಿನಲ್ಲಿಟ್ಟು ತಣಿಸಿದ ಅಗಲವಾದ ಲೋಹದ ತಟ್ಟೆಯ ಮೇಲೆ ಕಾಗದ ಹಾಸಿ, ಚಮಚದಿಂದ ಬಿಡಿಬಿಡಿಯಾಗಿ ಇಡಬೇಕು.

ಇನ್ನು ಚಾಕೊಲೇಟಿನ ಹೊದಿಕೆ. ಐಸ್‌ಕ್ರೀಮಿನ ಮೇಲೆ ಚಾಕೊಲೇಟ್ ನಿಲ್ಲುವಂತೆ ಮಾಡುವ ಸಮಸ್ಯೆಯನ್ನು ಅಮೆರಿಕದ ಅಯೋವಾ ರಾಜ್ಯದ ಒನಾವಾ ಊರಿನ ಕ್ರಿಶ್ಚಿಯನ್ ನೆಲ್ಸನ್ ಬಿಡಿಸಿದರು. ಅಂಗಡಿಗೆ ಬಂದ ಹುಡುಗನೊಬ್ಬ ಐಸ್‌ಕ್ರೀಮ್ ಕೊಳ್ಳಲೋ ಚಾಕೊಲೇಟ್ ಕೊಳ್ಳಲೋ ಎಂದು ತೀರ್ಮಾನಿಸಲಾರದೆ ನಿಂತದ್ದು ಅವರನ್ನು ಈ ಪ್ರಯೋಗಕ್ಕೆ ಹಚ್ಚಿತೆಂದು ಹೇಳಲಾಗುತ್ತದೆ. ಕೋಕೋ ಬೆಣ್ಣೆಯ ಪ್ರಮಾಣ ಹೊಂದಿಸಿ ಅವರು ದಾರಿ ಕಂಡುಕೊಂಡರು; 1922ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಒಳ್ಳೆಯ ಚಾಕೊಲೇಟಿನ ಹೊಳಪಿಗೂ ಮುರಿದಾಗಿನ ಟಣ್ಣೆನ್ನುವ ಸದ್ದಿಗೂ ಕಾರಣವಾದ ಐದನೆಯ ಬಗೆ ಸುಮಾರು 34 ಡಿಗ್ರಿಯಲ್ಲಿ, ಅಂದರೆ ಬಾಯಿಯ ಶಾಖದಲ್ಲಿ, ಕರಗುತ್ತದೆ. ಆದರೆ ಗಡ್ಡೆಕಟ್ಟಿದ ಮೊಸರು ನಾಲಿಗೆಯನ್ನು ತಣಿಸಿಬಿಡುವುದರಿಂದ ಹೊದಿಕೆ ಕರಗದೆ ಮೇಣದಂತೆ ಸಪ್ಪೆಯಾಗುತ್ತದೆ. ಇಲ್ಲಿ ನೆರವಿಗೆ ಬರುವುದು ನಮ್ಮ ತೆಂಗಿನೆಣ್ಣೆ. ಅದು ಕರಗುವುದು ಸುಮಾರು 24 ಡಿಗ್ರಿಯಲ್ಲಿ. ಡಿಸೆಂಬರಿನ ಬೆಳಗ್ಗೆ ಬೆಂಗಳೂರಿನ ಮನೆಗಳಲ್ಲಿ ಎಣ್ಣೆಯ ಬಾಟಲಿ ಬೆಳ್ಳಗೆ ಗಟ್ಟಿಯಾಗಿರುವುದು, ಮಂಗಳೂರಿನಲ್ಲಿ ಸಾಮಾನ್ಯವಾಗಿ ತಿಳಿಯಾಗಿಯೇ ಇರುವುದು ಇದೇ ಕಾರಣಕ್ಕೆ. ನೂರು ಗ್ರಾಂ ಚಾಕೊಲೇಟಿಗೆ ಒಂದೆರಡು ಚಿಕ್ಕ ಚಮಚ ತೆಂಗಿನೆಣ್ಣೆ ಬೆರೆಸಿದರೆ ಹೊದಿಕೆ ತೆಳುವಾಗಿ ಹರಡುತ್ತದೆ, ಬಿರುಕು ಬಿಡುವುದು ಕಡಿಮೆಯಾಗುತ್ತದೆ, ತಣ್ಣನೆಯ ಬಾಯಿಯಲ್ಲೂ ಕರಗುತ್ತದೆ. ತೆಂಗಿನೆಣ್ಣೆ ಬಹುಪಾಲು ಪರ್ಯಾಪ್ತ ಕೊಬ್ಬೇ ಆದ್ದರಿಂದ ಅದಕ್ಕಿಂತ ಹೆಚ್ಚು ಬೇಡ.

ಚಾಕೊಲೇಟನ್ನು ಆರಿಸುವಾಗ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಬಳಸಿದ ಕಾಂಪೌಂಡ್ ಬೇಡ. ಪೊಟ್ಟಣದ ಹಿಂಬದಿಯ ಪಟ್ಟಿಯಲ್ಲಿ ಇದು ಗೊತ್ತಾಗುತ್ತದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುತ್ತದೆ, ಪುತ್ತೂರಿನಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ. ನಮ್ಮ ನೆಲದ ಕೋಕೋ ಸಿಗುವುದು ದುರ್ಲಭವಲ್ಲ. ಶೇಕಡಾ 70ರ ಕಪ್ಪು ಚಾಕೊಲೇಟಿನಲ್ಲಿಯೂ ನೂರು ಗ್ರಾಂಗೆ 30 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಅದು ಔಷಧಿಯಲ್ಲ.

ಆದ್ದರಿಂದ ಹೊದಿಕೆಯ ತೂಕವೂ ಲೆಕ್ಕಕ್ಕೆ ಬರುತ್ತದೆ. ಎರಡು ಸೆಂಟಿಮೀಟರ್ ಬದಿಯ ಘನಾಕಾರದ ತುಂಡಿನ ಹೊರಮೈ 24 ಚದರ ಸೆಂಟಿಮೀಟರ್. ಅದರ ಮೇಲೆ ಒಂದು ಮಿಲಿಮೀಟರ್ ದಪ್ಪ ಚಾಕೊಲೇಟ್ ಎಂದರೆ ಸುಮಾರು 3 ಗ್ರಾಂ. ಒಳಗಿನ ಮೊಸರು ಹಣ್ಣು ಸೇರಿ 8 ಗ್ರಾಂ ಇರುವಾಗ ಇದು ಒಟ್ಟು ತೂಕದ ಕಾಲುಭಾಗಕ್ಕೂ ಹೆಚ್ಚಾಯಿತು. ಬದಿಯನ್ನು ನಾಲ್ಕು ಸೆಂಟಿಮೀಟರ್ ಮಾಡಿದರೆ ಚಾಕೊಲೇಟಿನ ಪಾಲು ಆರನೆಯ ಒಂದಕ್ಕೆ ಇಳಿಯುತ್ತದೆ. ಪುಟ್ಟ ಪುಟ್ಟ ತುಂಡು ತಿಂದರೆ ಕಡಿಮೆ ತಿಂದಂತೆ ಎಂಬ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಚಿಕ್ಕ ತುಂಡುಗಳೇ ಬೇಕೆನ್ನುವವರು ಪೂರ್ತಿ ಅದ್ದದೆ, ಮೇಲ್ಗಡೆಯಷ್ಟೇ ಚಾಕೊಲೇಟ್ ಎಳೆಗಳನ್ನು ಬಿಟ್ಟರೆ ಸಾಕು. ಅದ್ದುವುದಾದರೆ ತುಂಡಿನ ಮೇಲೆ ಕೂತ ಮಂಜಿನ ಹುಡಿಯನ್ನು ಒಣ ಬಟ್ಟೆಯಿಂದ ಒರೆಸಬೇಕು. ಕರಗಿದ ಚಾಕೊಲೇಟಿಗೆ ಒಂದೆರಡು ಹನಿ ನೀರು ಬಿದ್ದರೂ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು ಇಡೀ ಬಟ್ಟಲು ಗಂಟುಗಂಟಾಗುತ್ತದೆ.

ಸಿದ್ಧವಾದ ತುಂಡುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ, ಫ್ರೀಜರಿನ ಬಾಗಿಲಿನಿಂದ ದೂರ, ಒಳಗಡೆ ಇಡಬೇಕು. ಬಾಗಿಲು ತೆರೆದು ಮುಚ್ಚಿದಾಗ ಅಥವಾ ಬೇಸಿಗೆಯಲ್ಲಿ ವಿದ್ಯುತ್ ಹೋಗಿ ಬಂದಾಗ ಉಷ್ಣತೆ ಏರಿಳಿದು, ಚಿಕ್ಕ ಹರಳುಗಳು ಕರಗಿ, ಆ ನೀರು ದೊಡ್ಡ ಹರಳುಗಳ ಮೇಲೆಯೇ ಮತ್ತೆ ಗಡ್ಡೆಕಟ್ಟುತ್ತದೆ. ಹರಳು 50 ಮೈಕ್ರೋಮೀಟರ್ ದಾಟಿದರೆ ನಾಲಿಗೆಗೆ ಮರಳಿನಂತೆ ತಾಗುತ್ತದೆ. ಹೀಗಾಗಿ ಒಂದೆರಡು ವಾರಕ್ಕೆ ಸಾಕಾಗುವಷ್ಟನ್ನೇ ಮಾಡಿಕೊಳ್ಳುವುದು ಒಳ್ಳೆಯದು. ತಿನ್ನುವ ಹತ್ತು ನಿಮಿಷ ಮೊದಲು ಡಬ್ಬಿಯನ್ನು ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿಟ್ಟರೆ ಹರಳುಗಳ ಒಂದು ಪಾಲು ಪಾಕಕ್ಕೆ ಮರಳುತ್ತದೆ, ನಾಲಿಗೆ ಅಷ್ಟಾಗಿ ಮರಗಟ್ಟುವುದಿಲ್ಲ, ಹಣ್ಣಿನ ಸಿಹಿಯೂ ಹೆಚ್ಚು ತಿಳಿಯುತ್ತದೆ.