ಓಟ ಅದಕ್ಕೆ ಗೊತ್ತು, ತಿರುಗಿ ಬರುವುದನ್ನು ಕಲಿಸಿ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಮುಂಡರಗಿ ಕಡೆಯ ಅಣ್ಣ ತಮ್ಮ ಇಬ್ಬರು ಬೈಕ್ ಮೇಲೆ ಗದಗಿನ ನನ್ನ ಕ್ಲಿನಿಕ್ಕಿಗೆ ಬಂದರು. ಹಿಂದೆ ಕೂತವನ ತೊಡೆಯ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಮುಧೋಳ ನಾಯಿ. ಎಂಟು ತಿಂಗಳ ಹೆಣ್ಣು ಕುನ್ನಿ. ಮೊಲ ಹಿಡಿಯುವುದನ್ನು ಕಲಿಸಲು ಅದನ್ನು ಎರಿ ಹೊಲಕ್ಕೆ, ಅಂದರೆ ಕರಿ ಮಣ್ಣಿನ ಹೊಲಕ್ಕೆ ಬಿಟ್ಟಿದ್ದರು. ಬೇಸಿಗೆಯಲ್ಲಿ ಎರಿ ಹೊಲ ಹೇಗೆ ಬಿರಿದಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕೈ ಇಳಿಯುವಷ್ಟು ಬಿರುಕು. ಜೋರಾಗಿ ಓಡುತ್ತಿದ್ದ ಕುನ್ನಿಯ ಮುಂಗಾಲು ಅದರೊಳಗೆ ಸಿಕ್ಕಿ ಎರಡೂ ಎಲುಬು ಮುರಿದಿದ್ದವು.

"ಡಾಕ್ಟ್ರೇ, ಮೊಲ ಹಿಡಿಯೋದು ಕಲಿಸೋದು ಹೇಗೆ?" ಅಂತ ನನ್ನನ್ನು ಕೇಳುವ ಹುಡುಗರು ಬಹಳ. ಅವರಿಗೆ ನಾಯಿ ಮೇಲೆ ಪ್ರೀತಿ ಇರುತ್ತದೆ, ಅದು ನನಗೆ ಗೊತ್ತು. ಆದರೆ ಬೆನ್ನಟ್ಟುವುದನ್ನು ಮುಧೋಳ ನಾಯಿಗೆ ಯಾರೂ ಕಲಿಸಬೇಕಿಲ್ಲ. ಅದು ಹುಟ್ಟಿನಿಂದಲೇ ಬಂದದ್ದು. ಮೂರು ತಿಂಗಳ ಮರಿಯ ಮುಂದೆ ಒಂದು ಎಲೆ ಹಾರಿದರೂ ಸಾಕು, ಕಿವಿ ನೆಟ್ಟಗಾಗುತ್ತವೆ. ನಾವು ಕಲಿಸಬೇಕಾದದ್ದು ಬೇರೆಯೇ: ಯಾವುದರ ಹಿಂದೆ ಓಡಬೇಕು, ಯಾವಾಗ ನಿಲ್ಲಬೇಕು, ಕರೆದಾಗ ಹೇಗೆ ತಿರುಗಿ ಬರಬೇಕು.

ಕಾಡು ಮೊಲದ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲದ ಬೇಟೆ ಅಪರಾಧ. ನಾಯಿ ಬಿಟ್ಟು ಅಟ್ಟಿಸುವುದು, ಹಿಡಿಯಲು ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಸಾಕಿದ ಮೊಲವನ್ನು ತಂದು ಬೇಲಿಯೊಳಗೆ ನಾಯಿ ಮುಂದೆ ಬಿಡುವವರೂ ಇದ್ದಾರೆ. ಮೋಜಿಗಾಗಿ ಒಂದು ಪ್ರಾಣಿಯನ್ನು ಕೂಡಿಹಾಕಿ ಇನ್ನೊಂದಕ್ಕೆ ಬಲಿ ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಕ್ರೌರ್ಯ. ನಮ್ಮ ಸುತ್ತ ಕಪ್ಪತಗುಡ್ಡ ಇದೆ, ಹಾವೇರಿ ಕಡೆ ರಾಣೆಬೆನ್ನೂರಿನ ಕೃಷ್ಣಮೃಗಗಳ ಅಭಯಾರಣ್ಯ ಇದೆ. ಮೊಲದ ಹಿಂದೆ ಬಿಟ್ಟ ನಾಯಿ ಕೃಷ್ಣಮೃಗದ ಮರಿ ಕಂಡರೆ ಸುಮ್ನೆ ನಿಲ್ಲುವುದಿಲ್ಲ. ಕಪ್ಪತಗುಡ್ಡದ ತೋಳಕ್ಕೆ ಆ ಮೊಲವೇ ಊಟ. ಲಸಿಕೆ ಹಾಕಿಸದ ನಾಯಿ ಅಲ್ಲಿ ಅಲೆದರೆ ರೇಬೀಸ್, ಡಿಸ್ಟೆಂಪರ್ ತೋಳಕ್ಕೂ ನರಿಗೂ ತಗಲುತ್ತವೆ.

ಹಾಗಂತ ನಾಯಿಯನ್ನು ಕಟ್ಟಿಯೇ ಹಾಕಿದರೆ ಅದೂ ತಪ್ಪು. ಓಡದ ಮುಧೋಳ ನಾಯಿ ಒಳಗೇ ಕುದಿಯುತ್ತದೆ. ಸರಪಳಿ ಕಚ್ಚುತ್ತದೆ, ನೆಲ ಕೆರೆಯುತ್ತದೆ, ಬಿಟ್ಟ ಕೂಡಲೇ ಪಕ್ಕದ ಮನೆಯ ಕೋಳಿ ಹಿಡಿಯುತ್ತದೆ. ಅದಕ್ಕೆ ಓಟ ಕೊಡಲೇಬೇಕು. ಮೊಲದ ಜಾಗದಲ್ಲಿ ಒಂದು ಬಿಳಿ ಚೀಲ ಇಡಿ, ಅಷ್ಟೇ.

ಐದಡಿ ಕೋಲು, ಅದರ ತುದಿಗೆ ಎರಡು ಮಾರು ಹಗ್ಗ, ಹಗ್ಗದ ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲದ ತುಂಡು. ಕೆಂಪು ಬಟ್ಟೆ ಕಟ್ಟಬೇಡಿ. ನಾಯಿಯ ಕಣ್ಣಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ, ಕೆಂಪು ಮಾತ್ರ ಮಬ್ಬು. ಕರಿ ಮಣ್ಣಿನ ಮೇಲೆ ಬಿಳಿ ಎದ್ದು ಕಾಣುತ್ತದೆ. ಚೀಲವನ್ನು ಗಾಳಿಯಲ್ಲಿ ಎತ್ತಿ ಆಡಿಸಿದರೆ ಕುನ್ನಿ ಜಿಗಿದು ಬೆನ್ನು ತಿರುಚಿಕೊಳ್ಳುತ್ತದೆ. ನೆಲಕ್ಕೆ ತಾಗಿಸಿಕೊಂಡೇ ಎಳೆಯಿರಿ. ಮೊಲ ಗಕ್ಕನೆ ತಿರುಗುತ್ತದೆ, ನಾಯಿಗೆ ಪೆಟ್ಟಾಗುವುದು ಜಾಸ್ತಿ ಆ ತಿರುವಿನಲ್ಲೇ. ಚೀಲ ನಿಮ್ಮ ಕೈಯಲ್ಲಿದೆ, ದೊಡ್ಡ ಸುತ್ತು ತಿರುಗಿಸಬಹುದು. ಕೊನೆಗೆ ಪ್ರತಿ ಸಲ ಅದು ಹಿಡಿಯಲೇಬೇಕು. ಹಿಡಿಯಲು ಬಿಡದೆ ಸತಾಯಿಸಿದರೆ ನಾಯಿ ಬೇಸತ್ತು ಆಟವನ್ನೇ ಬಿಡುತ್ತದೆ. ಹಿಡಿದ ಮೇಲೆ ಚೀಲ ಕಿತ್ತುಕೊಳ್ಳಬೇಡಿ. ಬೇಯಿಸಿದ ಮೊಟ್ಟೆಯ ತುಂಡು ಮೂಗಿನ ಮುಂದೆ ಹಿಡಿದು "ಬಿಡು" ಅನ್ನಿ. ನಾಲ್ಕು ದಿನದಲ್ಲಿ ಕಲಿಯುತ್ತದೆ.

ಒಂದು ಸಲಕ್ಕೆ ಮೂರು ನಾಲ್ಕು ನಿಮಿಷ ಸಾಕು. ಕುನ್ನಿಯ ಎಲುಬಿನ ತುದಿಯಲ್ಲಿರುವ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಅದು ಗಟ್ಟಿಯಾಗಲು ಇಂಥ ಎತ್ತರದ ನಾಯಿಗೆ ಒಂದು ವರ್ಷದ ಮೇಲೇ ಬೇಕು. ಅಲ್ಲಿಯವರೆಗೆ ಬೈಕಿನ ಹಿಂದೆ ಓಡಿಸುವುದು, ದೂರದ ಓಟ ಎರಡೂ ಬೇಡ. ಕುನ್ನಿ ತಾನಾಗಿ ಆಡಿ ದಣಿದು ಮಲಗಲಿ. ಮೆತ್ತನೆಯ ಮಸಾರಿ (ಕೆಂಪು ಮಣ್ಣಿನ) ಹೊಲ ಇದ್ದರೆ ಒಳ್ಳೆಯದು. ಎರಿ ಹೊಲವಾದರೆ ಮಳೆ ಬಿದ್ದು ಬಿರುಕು ಮುಚ್ಚಿದ ಮೇಲೆ, ಕೆಸರು ಒಣಗಿದ ಮೇಲೆ ಮಾತ್ರ. ಬಳ್ಳಾರಿ ಜಾಲಿ, ತಂತಿ ಬೇಲಿ ಎಲ್ಲಿವೆ ಅಂತ ಮೊದಲು ನೀವೇ ನಡೆದು ನೋಡಿ. ಈ ತಳಿಯ ಚರ್ಮ ಬಹಳ ತೆಳು, ಸ್ವಲ್ಪ ತಾಗಿದರೂ ಹರಿಯುತ್ತದೆ.

ಇನ್ನು ತಿರುಗಿ ಬರುವ ಮಾತು. ನನ್ನ ಮಟ್ಟಿಗೆ ಇಡೀ ತರಬೇತಿಯ ಜೀವಾಳ ಇದು. ಇದನ್ನು ಚೀಲದ ಆಟಕ್ಕಿಂತ ಮೊದಲೇ ಶುರು ಮಾಡಬೇಕು. ಓಟದ ಹುಮ್ಮಸ್ಸಿನಲ್ಲಿರುವ ನಾಯಿಗೆ ಹೆಸರು ಕೇಳಿಸುವುದೇ ಇಲ್ಲ, ಅದರ ಮನಸ್ಸೆಲ್ಲ ಕಣ್ಣಲ್ಲಿ ಇರುತ್ತದೆ. ಅದಕ್ಕೆ ನಾನು ಸೀಟಿ ಹೇಳುತ್ತೇನೆ. ಮರಿಯಾಗಿದ್ದಾಗಿನಿಂದ ತಟ್ಟೆ ಇಡುವಾಗ ಪ್ರತಿ ಸಲ ಒಂದೇ ಥರ ಸೀಟಿ ಊದಿ. ಸೀಟಿ ಅಂದರೆ ಊಟ ಅಂತ ಅದರ ತಲೆಯಲ್ಲಿ ಕೂರಲಿ. ಆಮೇಲೆ ಅಂಗಳದಲ್ಲಿ, ಆಮೇಲೆ ಹತ್ತು ಮೀಟರ್ ಹಗ್ಗ ಕಟ್ಟಿ ಹೊಲದಲ್ಲಿ. ಹಗ್ಗವನ್ನು ಕೊರಳಿಗೆ ಕಟ್ಟಬೇಡಿ, ಎದೆಪಟ್ಟಿಗೆ ಕಟ್ಟಿ. ಓಡಿಬಂದ ರಭಸಕ್ಕೆ ಕೊರಳಿನ ಹಗ್ಗ ಜಗ್ಗಿದರೆ ಕತ್ತಿಗೆ ಪೆಟ್ಟು. ಮೇಲಾಗಿ ಈ ನಾಯಿಯ ತಲೆ ಸಣ್ಣದು, ಸಾದಾ ಪಟ್ಟಿಯಿಂದ ಸುಲಭವಾಗಿ ಜಾರಿ ಹೋಗುತ್ತದೆ.

ಒಂದು ತಪ್ಪನ್ನು ಮಾತ್ರ ಮಾಡಬೇಡಿ. ಅರ್ಧ ತಾಸು ಕಾಯಿಸಿ ಕೊನೆಗೆ ಬಂದ ನಾಯಿಗೆ ಹೊಡೆಯುವುದು. ನಾಯಿ ತಿಳಿಯುವುದು ಇಷ್ಟೇ: ಹತ್ತಿರ ಹೋದರೆ ಏಟು. ಮರುದಿನ ಅದು ಯಾಕೆ ಬರುತ್ತದೆ, ಅಲ್ವಾ? ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮನೆಯ ನಾಯಿಗೆ ಹೀಗೆ ಮಾಡಿದ್ದೇನೆ. ಅದರ ನಂಬಿಕೆ ತಿರುಗಿ ಪಡೆಯಲು ನನಗೆ ಆರು ತಿಂಗಳು ಬೇಕಾಯಿತು. ಎಷ್ಟೇ ತಡವಾಗಿ ಬಂದರೂ ಬೆನ್ನು ಸವರಿ, ಒಂದು ತುತ್ತು ಕೊಡಿ.

ಓಡಿಸುವುದು ಸೂರ್ಯ ಏರುವ ಮುಂಚೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಬಾಯಿ ತೆರೆದು ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ತೇಕುವುದು ನಿಲ್ಲದಿದ್ದರೆ, ಒಸಡು ಕಡುಗೆಂಪಾದರೆ, ಹೆಜ್ಜೆ ತಪ್ಪಿದರೆ ಕೂಡಲೇ ನೆರಳಿಗೆ ತಂದು ಮೈತುಂಬ ನೀರು ಸುರಿದು ಗಾಳಿ ಬೀಸಿ. ದವಾಖಾನೆಗೆ ಹೊರಡುವುದು ಆಮೇಲೆ. ಓಡಿದ ಮರುದಿನ ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದಿದೆ ಅಂತ ಅರ್ಥ, ಅದು ಮೂತ್ರಪಿಂಡಕ್ಕೆ ಅಪಾಯ. ಅಂದೇ ಕರೆತನ್ನಿ.

ಆ ಎಂಟು ತಿಂಗಳ ಕುನ್ನಿಗೆ ಪ್ಲೇಟ್ ಹಾಕಿ ಕಾಲು ಕೂಡಿಸಿದೆವು. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಬೇಟೆ ತಳಿಗಳಲ್ಲಿ ಕೆಲವು ಅರಿವಳಿಕೆ ಮದ್ದು ಬೇಗ ಇಳಿಯುವುದಿಲ್ಲ, ಅದಕ್ಕೆ ಬೇರೆ ಮದ್ದು ಆರಿಸಿದ್ದೆವು. ಈಗ ಅದಕ್ಕೆ ಎರಡು ವರ್ಷ. ತಮ್ಮ ಸೀಟಿ ಊದುತ್ತಾನೆ, ಅಣ್ಣ ಚೀಲ ಎಳೆಯುತ್ತಾನೆ. ಹೋದ ತಿಂಗಳು ಲಸಿಕೆಗೆ ಬಂದಾಗ ಮುಂಗಾಲು ಒತ್ತಿ ನೋಡಿದೆ. ನೋವಿಲ್ಲ.